ಐಲೆಟ್ ಕಸಿ ಮತ್ತು ರೋಗನಿರೋಧಕ ಕೋಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೈಪ್ 1 ಮಧುಮೇಹಕ್ಕೆ ಐಲೆಟ್ ಕಸಿ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಇನ್ಸುಲಿನ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಕಸಿಯ ಸೋಲು ಗೆಲುವು ಬಹುಮಟ್ಟಿಗೆ ಬಿಳಿ ರಕ್ತಕಣಗಳ ಕೈಯಲ್ಲಿದೆ. ಅವು ಎಲ್ಲವೂ ಒಟ್ಟಿಗೆ ಬಂದು ಮುತ್ತುವುದಿಲ್ಲ. ಮೊದಲ ಗಂಟೆಗಳಲ್ಲಿ ಒಂದು ಗುಂಪು, ಮುಂದಿನ ವಾರಗಳಲ್ಲಿ ಇನ್ನೊಂದು, ತಿಂಗಳು ವರ್ಷಗಳ ಮೇಲೆ ಮತ್ತೊಂದು. ಯಾವುದೇ ಹೊಸ ಔಷಧಿಯ ಸುದ್ದಿ ಓದಿದಾಗ "ಇದು ಯಾವ ಕೋಶವನ್ನು, ಯಾವ ಹೊತ್ತಿನಲ್ಲಿ ತಡೆಯುತ್ತದೆ?" ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಐಲೆಟ್ ಎಂದರೇನು? ಕಸಿಯಲ್ಲಿ ಅದನ್ನು ಎಲ್ಲಿ ಇಡುತ್ತಾರೆ?

ಮೇದೋಜ್ಜೀರಕ ಗ್ರಂಥಿಯ ಬಹುಪಾಲು ಜೀರ್ಣರಸ ತಯಾರಿಸುವ ಅಂಗಾಂಶ. ಅದರ ನಡುನಡುವೆ ಸುಮಾರು 10 ಲಕ್ಷ ಪುಟ್ಟ ಕೋಶಗೊಂಚಲುಗಳು ಹರಡಿಕೊಂಡಿವೆ. ಎಲ್ಲ ಸೇರಿದರೂ ಗ್ರಂಥಿಯ ತೂಕದ ಶೇ 1ರಿಂದ 2ರಷ್ಟು. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಇವನ್ನು ಮೊದಲು ಗುರುತಿಸಿದ. ಇನ್ಸುಲಿನ್ ಕೊಡುವ ಬೀಟಾ ಕೋಶಗಳು ಇರುವುದು ಈ ಗೊಂಚಲುಗಳಲ್ಲೇ.

ಮಿದುಳು ನಿಷ್ಕ್ರಿಯಗೊಂಡ ದಾನಿಯ ಗ್ರಂಥಿಯಿಂದ ಇವನ್ನು ಬಿಡಿಸಿ, ಚೀಲದಲ್ಲಿ ತುಂಬಿ, ಚರ್ಮದ ಮೂಲಕ ತೂರಿಸಿದ ತೆಳು ಕೊಳವೆಯಿಂದ ಲಿವರ್‌ನ ಪೋರ್ಟಲ್ ರಕ್ತನಾಳಕ್ಕೆ ಹನಿಸುತ್ತಾರೆ. ಇಡೀ ಗ್ರಂಥಿಯ ಕಸಿಗೆ ಹೊಟ್ಟೆ ತೆರೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕು, ಇಲ್ಲಿ ಅದಿಲ್ಲ. ಇನ್ಸುಲಿನ್ ಸಹಜವಾಗಿ ಮೊದಲು ತಲಪುವ ಅಂಗವೂ ಲಿವರ್ರೇ. ಆದರೆ ದೇಹದಲ್ಲಿ ಅತಿ ಹೆಚ್ಚು ಕಾವಲು ಕೋಶಗಳಿರುವ ತಾಣಗಳಲ್ಲಿ ಲಿವರ್ ಒಂದು. ಆ ಸೌಕರ್ಯಕ್ಕೆ ತೆರಬೇಕಾದ ಬೆಲೆ ಅದು.

ಎಷ್ಟು ಐಲೆಟ್ ಬೇಕು? ಲೆಕ್ಕ ಹಾಕುವುದು ಹೇಗೆ?

ಐಲೆಟ್‌ಗಳ ಗಾತ್ರ ಒಂದೇ ಸಮ ಇರುವುದಿಲ್ಲ, 50ರಿಂದ 400 ಮೈಕ್ರಾನ್‌ವರೆಗೆ ಇರುತ್ತವೆ. ಹಾಗಾಗಿ 150 ಮೈಕ್ರಾನ್ ವ್ಯಾಸದ ಐಲೆಟ್ ಅನ್ನು 'ಒಂದು' ಎಂದು ಹಿಡಿದು, ಉಳಿದವನ್ನು ಆ ಅಳತೆಗೆ ಇಳಿಸಿ ಎಣಿಸುತ್ತಾರೆ. ಮೊದಲ ಬಾರಿಗೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 5,000 ಎಂಬುದು ಸಾಮಾನ್ಯ ಗುರಿ. 60 ಕಿಲೋ ತೂಕದವರಿಗೆ 3 ಲಕ್ಷ. ಇನ್ಸುಲಿನ್ ಪೂರ್ತಿ ನಿಲ್ಲಬೇಕಾದರೆ ಒಟ್ಟು ಕಿಲೋಗೆ 10,000ದ ಹತ್ತಿರ ಬೇಕಾಗುತ್ತದೆ. ಆದ್ದರಿಂದಲೇ ಒಬ್ಬ ರೋಗಿಗೆ ಎರಡು, ಕೆಲವೊಮ್ಮೆ ಮೂರು ದಾನಿಗಳ ಐಲೆಟ್ ಹಾಕುವುದುಂಟು.

ಇಷ್ಟೊಂದು ಏಕೆ ಬೇಕು ಎಂಬುದಕ್ಕೆ ಉತ್ತರ ಮುಂದಿನ ಎರಡು ಪ್ರಶ್ನೆಗಳಲ್ಲಿದೆ.

ಗ್ರಂಥಿಯಿಂದ ಐಲೆಟ್ ಬಿಡಿಸುವ ಹಂತದಲ್ಲೇ ರೋಗನಿರೋಧಕ ತೊಂದರೆ ಶುರುವಾಗುತ್ತದೆಯೇ?

ಆಗುತ್ತದೆ. ದಾನಿಯ ಮಿದುಳು ನಿಂತ ಕೂಡಲೇ ಅವರ ದೇಹದಲ್ಲೆಲ್ಲ ಉರಿಯೂತದ ರಾಸಾಯನಿಕಗಳು ಏರುತ್ತವೆ. ಪ್ರಯೋಗಾಲಯಕ್ಕೆ ಗ್ರಂಥಿ ಬರುವಾಗಲೇ ಐಲೆಟ್‌ಗಳು ಕಂಗೆಟ್ಟಿರುತ್ತವೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳೆದ ಸಮಯವೂ ಇದಕ್ಕೆ ಸೇರುತ್ತದೆ. 12 ಗಂಟೆ ಮೀರಿದ ಗ್ರಂಥಿಯನ್ನು ಹೆಚ್ಚಿನ ಕೇಂದ್ರಗಳು ಬಳಸುವುದಿಲ್ಲ.

ಕೆಲಸ ಹೀಗೆ ಸಾಗುತ್ತದೆ. ಗ್ರಂಥಿಯ ನಾಳದೊಳಗೆ ಕೊಲಾಜಿನೇಸ್ ಕಿಣ್ವವನ್ನು ಒತ್ತಡದಿಂದ ತುಂಬುತ್ತಾರೆ, ಗ್ರಂಥಿ ಉಬ್ಬಿಕೊಳ್ಳುತ್ತದೆ. ನಂತರ ತುಂಡರಿಸಿ, ಗೋಲಿಗಳೂ ಜಾಲರಿಯೂ ಇರುವ ಸ್ಟೀಲ್ ಪಾತ್ರೆಗೆ ಹಾಕಿ, 37 ಡಿಗ್ರಿಯಲ್ಲಿ ದ್ರವ ಹರಿಸುತ್ತಾ ಕುಲುಕುತ್ತಾರೆ. ಕ್ಯಾಮಿಲೊ ರಿಕಾರ್ಡಿ 1988ರಲ್ಲಿ ಪ್ರಕಟಿಸಿದ ಈ ವಿಧಾನವೇ ಇಂದಿಗೂ ಜಗತ್ತಿನ ವಾಡಿಕೆ. ಕೆಲವು ನಿಮಿಷಕ್ಕೊಮ್ಮೆ ಚೂರು ದ್ರವ ತೆಗೆದು ಡೈಥೈಜೋನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೀಟಾ ಕೋಶಗಳಲ್ಲಿ ಸತು ಇರುವುದರಿಂದ ಐಲೆಟ್‌ಗಳು ಕೆಂಪಗೆ ಕಾಣುತ್ತವೆ, ಜೀರ್ಣರಸದ ಅಂಗಾಂಶ ಹಳದಿಯಾಗಿಯೇ ಉಳಿಯುತ್ತದೆ. ಕೆಂಪು ಗುಂಡುಗಳು ಹಳದಿ ಸಿಪ್ಪೆ ಕಳಚಿಕೊಂಡು ಬಿಡಿಬಿಡಿಯಾಗಿ ತೇಲತೊಡಗಿದ ಕ್ಷಣವೇ ಕಿಣ್ವವನ್ನು ತಣ್ಣನೆಯ ದ್ರವದಿಂದ ತೆಳುವಾಗಿಸಬೇಕು. ಸ್ವಲ್ಪ ಬೇಗ ನಿಲ್ಲಿಸಿದರೆ ಸಿಪ್ಪೆ ಅಂಟಿಕೊಂಡೇ ಉಳಿದು ಚೀಲದಲ್ಲಿ ಅನಗತ್ಯ ಅಂಗಾಂಶ ಹೆಚ್ಚುತ್ತದೆ. ತಡವಾದರೆ ಐಲೆಟ್‌ಗಳ ಅಂಚು ಹರಿದು ಪುಡಿಯಾಗುತ್ತವೆ. ಇದು ಯಂತ್ರ ಹೇಳುವ ಸಮಯವಲ್ಲ, ಕಣ್ಣಳತೆಯ ಕೆಲಸ.

ಆಮೇಲೆ ಸಾಂದ್ರತೆಯ ಆಧಾರದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ಸಾಮಾನ್ಯವಾಗಿ ಒಂದರಿಂದ ಮೂರು ದಿನ ಕಲ್ಚರ್‌ನಲ್ಲಿ (ಪೋಷಕ ದ್ರವದಲ್ಲಿ) ಇಡುತ್ತಾರೆ. ಈ ಬಿಡುವಿನಲ್ಲಿ ಮೂರು ಲಾಭ: ರೋಗಿ ಆಸ್ಪತ್ರೆ ತಲಪಿ ಟಿ ಕೋಶ (ಪರಕೀಯವನ್ನು ಗುರುತಿಸಿ ದಾಳಿ ಮಾಡುವ ಬಿಳಿ ರಕ್ತಕಣ) ಇಳಿಸುವ ಚುಚ್ಚುಮದ್ದು ಆರಂಭಿಸಬಹುದು, ಐಲೆಟ್ ಜತೆ ಅಂಟಿಬಂದ ದಾನಿಯ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ, ಪರೀಕ್ಷೆಗಳಿಗೆ ಸಮಯ ಸಿಗುತ್ತದೆ. ಬದುಕಿರುವ ಕೋಶ ಶೇ 70ಕ್ಕೆ, ಶುದ್ಧತೆ ಶೇ 30ಕ್ಕೆ ಕಡಿಮೆ ಇರಬಾರದು. ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ರೋಗಿಯ ತೂಕದ ಪ್ರತಿ ಕಿಲೋಗೆ 5 ಯೂನಿಟ್ ಮೀರಬಾರದು, ಏಕೆಂದರೆ ಅದು ಲಿವರ್‌ನ ಮ್ಯಾಕ್ರೊಫೇಜ್‌ಗಳನ್ನು (ಪರಕೀಯವನ್ನು ನುಂಗುವ ಕಾವಲು ಕೋಶಗಳನ್ನು) ನೇರವಾಗಿ ಕೆಣಕುತ್ತದೆ.

ರಕ್ತನಾಳಕ್ಕೆ ಬಿಟ್ಟ ಮೊದಲ ಗಂಟೆಗಳಲ್ಲಿ ಏನಾಗುತ್ತದೆ?

ಅತಿ ದೊಡ್ಡ ನಷ್ಟ ಇಲ್ಲೇ. ಹಾಕಿದ ಐಲೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಗಂಟೆ-ದಿನಗಳಲ್ಲೇ ಹಾಳಾಗುತ್ತವೆ ಎಂಬುದು ಸಾಮಾನ್ಯ ಅಂದಾಜು. ಇದನ್ನು 'ರಿಜೆಕ್ಷನ್' (ಕಸಿಯನ್ನು ಪರಕೀಯವೆಂದು ತಿರಸ್ಕರಿಸುವುದು) ಎಂದು ಕರೆಯುವುದು ತಪ್ಪು. ಟಿ ಕೋಶಗಳಿಗೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ.

ಗ್ರಂಥಿಯೊಳಗಿನ ಐಲೆಟ್ ಎಂದೂ ಹರಿಯುವ ರಕ್ತಕ್ಕೆ ಮೈಯೊಡ್ಡಿ ಕೂರುವುದಿಲ್ಲ, ಅದರ ರಕ್ತನಾಳಗಳಿಗೆ ಒಳಪದರ ಇರುತ್ತದೆ. ಬಿಡಿಸಿದ ಐಲೆಟ್‌ಗೆ ಆ ಹೊದಿಕೆ ಹೋಗಿರುತ್ತದೆ. ಅದರ ಮೇಲ್ಮೈಯಲ್ಲಿರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ರಕ್ತಕ್ಕೆ ತಾಗಿದ್ದೇ ತಡ, ಗಾಯವಾಗಿದೆ ಎಂದು ರಕ್ತ ತಿಳಿದು ಹೆಪ್ಪುಗಟ್ಟಲು ತೊಡಗುತ್ತದೆ. ಪ್ಲೇಟ್‌ಲೆಟ್‌ಗಳು ಅಂಟುತ್ತವೆ, ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಸರಪಳಿ ಚುರುಕಾಗುತ್ತದೆ, ಅದು ಬಿಟ್ಟ ಸಂಕೇತಕ್ಕೆ ನ್ಯೂಟ್ರೊಫಿಲ್, ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಓಡಿಬಂದು ಹೆಪ್ಪಿನೊಳಗೆ ನುಗ್ಗಿ ಐಲೆಟ್ ಅನ್ನು ಕಿತ್ತು ತಿನ್ನುತ್ತವೆ. ಸ್ವೀಡನ್ನಿನ ಉಪ್ಸಾಲಾ ತಂಡ ಇದನ್ನು ವಿವರವಾಗಿ ಅಧ್ಯಯನ ಮಾಡಿ 'ರಕ್ತ ತಾಗಿದ ತಕ್ಷಣದ ಉರಿಯೂತ' ಎಂಬ ಅರ್ಥದ ಹೆಸರಿಟ್ಟಿತು.

ಜತೆಗೆ ಲಿವರ್‌ನಲ್ಲೇ ವಾಸವಿರುವ ಕುಪ್ಫರ್ ಕೋಶಗಳಿವೆ. ಇವು ಮ್ಯಾಕ್ರೊಫೇಜ್ ಜಾತಿಯವು. ಇವು ಸುರಿಸುವ ಉರಿಯೂತದ ರಾಸಾಯನಿಕಗಳಾದ ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ, ನೈಟ್ರಿಕ್ ಆಕ್ಸೈಡ್ ಮೂರೂ ಬೀಟಾ ಕೋಶಕ್ಕೆ ವಿಷ. ಬೀಟಾ ಕೋಶದಲ್ಲಿ ಆಕ್ಸಿಡೀಕರಣ ತಡೆಯುವ ಕಿಣ್ವಗಳು ಮೊದಲೇ ಕಡಿಮೆ, ಐಲೆಟ್‌ನಲ್ಲಿ ಪಕ್ಕದಲ್ಲೇ ಇರುವ ಆಲ್ಫಾ ಕೋಶ ತಾಳಿಕೊಳ್ಳುವ ಪೆಟ್ಟನ್ನು ಅದು ತಾಳದು. ಹೊಸ ರಕ್ತನಾಳಗಳು ಬೆಳೆದು ಐಲೆಟ್‌ಗೆ ಸೇರಲು ಎರಡು ವಾರ ಬೇಕು, ಅಲ್ಲಿಯವರೆಗೆ ಆಮ್ಲಜನಕ ಸುತ್ತಲಿನಿಂದ ಜಿನುಗಿ ಬಂದದ್ದಷ್ಟೆ.

ಈ ಮೊದಲ ದಾಳಿಯನ್ನು ತಡೆಯಲು ಏನು ಮಾಡುತ್ತಾರೆ?

ಐಲೆಟ್ ಚೀಲಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸುತ್ತಾರೆ, ಒಟ್ಟು ಪ್ರಮಾಣ ಕಿಲೋಗೆ 70 ಯೂನಿಟ್ ಎಂಬುದು ರೂಢಿ. ಹನಿಸಿದ ನಂತರವೂ ಮೊದಲು ಹೆಪಾರಿನ್ ಡ್ರಿಪ್, ಆಮೇಲೆ ಸುಮಾರು ಒಂದು ವಾರ ಚರ್ಮದಡಿ ಚುಚ್ಚುಮದ್ದು. ಅಂಗಾಂಶದ ಒಟ್ಟು ಗಾತ್ರ 10 ಮಿ.ಲೀ. ದಾಟದಂತೆ ನೋಡಿಕೊಳ್ಳುತ್ತಾರೆ. ಪಂಪ್ ಬಳಸುವುದಿಲ್ಲ. ಚೀಲವನ್ನು ಎತ್ತರಕ್ಕೆ ಹಿಡಿದು ಅದರ ಭಾರಕ್ಕೇ ಇಳಿಯಲು ಬಿಡುತ್ತಾರೆ. ಐಲೆಟ್‌ಗಳು ತಳಕ್ಕೆ ಕೂರದಂತೆ ಒಬ್ಬರು ಚೀಲವನ್ನು ಮೆಲ್ಲಗೆ ಹೊರಳಿಸುತ್ತಲೇ ಇರಬೇಕು. ನಡುನಡುವೆ ನಿಲ್ಲಿಸಿ ಪೋರ್ಟಲ್ ಒತ್ತಡ ಅಳೆಯುತ್ತಾರೆ, 22 ಮಿ.ಮೀ. ಪಾದರಸ ದಾಟಿದರೆ ನಿಲ್ಲಿಸಿ ಕಾಯಬೇಕು, ಇಳಿಯದಿದ್ದರೆ ಉಳಿದದ್ದನ್ನು ಬಿಟ್ಟೇಬಿಡಬೇಕು. ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಒಂದು ಕಡೆ, ಹೆಪಾರಿನ್‌ನಿಂದ ಚುಚ್ಚಿದ ಜಾಗದಲ್ಲಿ ರಕ್ತಸ್ರಾವದ ಅಪಾಯ ಇನ್ನೊಂದು ಕಡೆ. ಅದಕ್ಕೇ ಕೊಳವೆ ಹೊರತೆಗೆಯುವಾಗ ಅದು ಹಾದುಬಂದ ದಾರಿಯನ್ನು ಮುಚ್ಚಿಕೊಂಡೇ ಬರುತ್ತಾರೆ.

ಉರಿಯೂತಕ್ಕೆ ಎಟನರ್ಸೆಪ್ಟ್ ಕೊಡುತ್ತಾರೆ, ಇದು ಟಿಎನ್‌ಎಫ್ ತಡೆಯುತ್ತದೆ. ಕಸಿಗೆ ಮುಂಚೆ ರಕ್ತನಾಳದ ಮೂಲಕ 50 ಮಿ.ಗ್ರಾಂ, ನಂತರ 3, 7, 10ನೇ ದಿನ ಚರ್ಮದಡಿ 25 ಮಿ.ಗ್ರಾಂ. ಇಂಟರ್‌ಲ್ಯೂಕಿನ್-1 ತಡೆಯುವ ಅನಕಿನ್ರಾವನ್ನೂ ಕೆಲವು ಕೇಂದ್ರಗಳು ಸೇರಿಸುತ್ತವೆ. ಕೆನಡಾದ ಎಡ್ಮಂಟನ್ ಕೇಂದ್ರ 255 ರೋಗಿಗಳ 20 ವರ್ಷದ ದಾಖಲೆಯನ್ನು 2022ರಲ್ಲಿ ಪ್ರಕಟಿಸಿದಾಗ, ಈ ಎರಡೂ ಒಟ್ಟಿಗೆ ಸಿಕ್ಕವರಲ್ಲಿ ಕಸಿ ಹೆಚ್ಚು ಕಾಲ ಉಳಿದದ್ದು ಕಂಡುಬಂತು. ಕೆಲವೇ ದಿನ ಕೊಡುವ ಔಷಧಿಯ ಫಲ ವರ್ಷಗಳ ನಂತರವೂ ಕಾಣುತ್ತದೆ ಎಂದರೆ ಆರಂಭದ ನಷ್ಟ ಎಷ್ಟು ದುಬಾರಿ ಎಂದು ಊಹಿಸಬಹುದು.

ಇದೇ ಕಾರಣಕ್ಕೆ ಕಸಿಯಾದ ತಕ್ಷಣ ಇನ್ಸುಲಿನ್ ನಿಲ್ಲಿಸುವುದಿಲ್ಲ. ಹೊಸ ಐಲೆಟ್‌ಗಳಿಗೆ ವಿಶ್ರಾಂತಿ ಸಿಗಲೆಂದು ಕೆಲವು ವಾರ ಹೊರಗಿನ ಇನ್ಸುಲಿನ್‌ನಿಂದಲೇ ಶುಗರ್ ಹಿಡಿತದಲ್ಲಿಡುತ್ತಾರೆ.

ಟಿ ಕೋಶಗಳು ಯಾವಾಗ, ಹೇಗೆ ಬರುತ್ತವೆ?

ಸತ್ತ ಐಲೆಟ್‌ಗಳ ಚೂರುಗಳನ್ನು ಡೆಂಡ್ರಿಟಿಕ್ ಕೋಶಗಳು ಎತ್ತಿಕೊಂಡು ದುಗ್ಧಗ್ರಂಥಿಗಳಿಗೆ ಒಯ್ದು ಟಿ ಕೋಶಗಳ ಮುಂದೆ ಹಿಡಿಯುತ್ತವೆ. ಇದು ಬಳಸುದಾರಿ. ದಾನಿಯ ಕೋಶಗಳ ಮೇಲಿನ ಎಚ್‌ಎಲ್‌ಎ ಗುರುತನ್ನು (ಸ್ವಂತದ್ದೋ ಪರಕೀಯವೋ ಎಂದು ತಿಳಿಸುವ ಪ್ರೋಟೀನ್) ರೋಗಿಯ ಟಿ ಕೋಶ ತಾನೇ ನೇರವಾಗಿ ನೋಡಿ ಕೆರಳುವುದು ಇನ್ನೊಂದು ದಾರಿ. ಸಿಡಿ4 ಕೋಶಗಳು ಆಜ್ಞೆ ಕೊಡುತ್ತವೆ, ಸಿಡಿ8 ಕೋಶಗಳು ಕೊಲ್ಲುತ್ತವೆ: ಬೀಟಾ ಕೋಶಕ್ಕೆ ಒತ್ತಿ ನಿಂತು ಪರ್ಫೊರಿನ್‌ನಿಂದ ತೂತು ಕೊರೆದು ಗ್ರ್ಯಾನ್‌ಜೈಮ್ ತುಂಬುತ್ತವೆ. ಮೊದಲ ದಾಳಿಯಲ್ಲಿ ಹೆಚ್ಚು ಐಲೆಟ್ ಸತ್ತಷ್ಟೂ ಡೆಂಡ್ರಿಟಿಕ್ ಕೋಶಗಳಿಗೆ ಹೆಚ್ಚು ಸಾಕ್ಷ್ಯ ಸಿಗುತ್ತದೆ. ಎರಡು ದಾಳಿಗಳ ನಡುವಿನ ಕೊಂಡಿ ಇದು.

ಕಿಡ್ನಿ ಕಸಿಯಂತೆ ಇಲ್ಲಿ ಎಚ್‌ಎಲ್‌ಎ ಹೊಂದಾಣಿಕೆಗೆ ಕಾಯುವುದು ಅಪರೂಪ. ರಕ್ತದ ಗುಂಪು ಹೊಂದಬೇಕು, ಕ್ರಾಸ್‌ಮ್ಯಾಚ್ (ದಾನಿಯ ಕೋಶಗಳ ವಿರುದ್ಧ ರೋಗಿಯ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂಬ ಪರೀಕ್ಷೆ) ನೆಗೆಟಿವ್ ಇರಬೇಕು, ಅಷ್ಟೆ.

ಒಂದೇ ರೂಪದ ಅವಳಿಯಿಂದ ತಂದರೆ ಔಷಧಿಯೇ ಬೇಡವಲ್ಲವೇ?

ಬೇಡ ಎಂದೇ ಅಂದುಕೊಂಡಿದ್ದರು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸದರ್‌ಲ್ಯಾಂಡ್ ತಂಡ, ಮಧುಮೇಹವಿಲ್ಲದ ಅವಳಿಯ ಗ್ರಂಥಿಯ ತುಂಡನ್ನು ಮಧುಮೇಹವಿದ್ದ ಅವಳಿಗೆ ಕಸಿ ಮಾಡಿತು. ಎಚ್‌ಎಲ್‌ಎ ಪೂರ್ತಿ ಒಂದೇ ಆದ್ದರಿಂದ ಔಷಧಿ ಕೊಡದೆ ಬಿಟ್ಟ ಪ್ರಕರಣಗಳಲ್ಲಿ ಕೆಲವು ವಾರಗಳಲ್ಲೇ ಶುಗರ್ ಮರಳಿತು. 1980ರ ದಶಕದಲ್ಲಿ ಪ್ರಕಟವಾದ ವಿವರಗಳ ಪ್ರಕಾರ, ಬಯಾಪ್ಸಿಯಲ್ಲಿ ಐಲೆಟ್ ಸುತ್ತ ಬಿಳಿ ರಕ್ತಕಣಗಳು ಮುತ್ತಿದ್ದವು. ಬೀಟಾ ಕೋಶ ಮಾತ್ರ ಮಾಯವಾಗಿ ಆಲ್ಫಾ ಕೋಶಗಳು ಹಾಗೇ ಇದ್ದವು. ಪರಕೀಯ ಎಂದು ತಿರಸ್ಕರಿಸಿದ್ದರೆ ಇಡೀ ತುಂಡೇ ಹೋಗಬೇಕಿತ್ತು. ಬೀಟಾ ಕೋಶವನ್ನೇ ಆರಿಸಿ ಕೊಂದದ್ದು ಹಳೆಯ ಕಾಯಿಲೆಯ ನೆನಪಿಟ್ಟುಕೊಂಡ ಟಿ ಕೋಶಗಳು.

ಇದು ಮೂರನೇ ದಾಳಿ, ನಮ್ಮ ಅಭಿಪ್ರಾಯದಲ್ಲಿ ಜನಸಾಮಾನ್ಯರ ಬರಹಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ಸಂಗತಿ. ನೆನಪಿನ ಟಿ ಕೋಶಗಳು ದಶಕಗಳ ಕಾಲ ಬದುಕುತ್ತವೆ, ಹೊಸ ಟಿ ಕೋಶಗಳಿಗಿಂತ ಸುಲಭವಾಗಿ ಎಚ್ಚರಗೊಳ್ಳುತ್ತವೆ, ಔಷಧಿಗೂ ಅಷ್ಟಾಗಿ ಬಗ್ಗುವುದಿಲ್ಲ. ಇನ್ನೊಂದು ವಿಪರ್ಯಾಸವಿದೆ: ಟಿ ಕೋಶಗಳನ್ನು ಔಷಧಿಯಿಂದ ತೀರಾ ಇಳಿಸಿದಾಗ ಖಾಲಿಯಾದ ಜಾಗ ತುಂಬಲು ದೇಹ ಇಂಟರ್‌ಲ್ಯೂಕಿನ್-7 ಮತ್ತು 15 ಏರಿಸುತ್ತದೆ. ಆ ಗೊಬ್ಬರಕ್ಕೆ ಮೊದಲು ಚಿಗುರುವುದು ಉಳಿದಿರುವ ನೆನಪಿನ ಕೋಶಗಳೇ.

ನಮ್ಮದೇ ಐಲೆಟ್ ನಮಗೇ ಹಾಕಿದರೆ?

ಅದೂ ಇದೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಿಂದ (ಮೇದೋಜ್ಜೀರಕ ಗ್ರಂಥಿಯ ಉರಿಯೂತದಿಂದ) ತಾಳಲಾಗದ ನೋವಿದ್ದವರಿಗೆ ಗ್ರಂಥಿಯನ್ನು ಪೂರ್ತಿ ತೆಗೆದು, ಅದರ ಐಲೆಟ್‌ಗಳನ್ನು ಅವರದೇ ಲಿವರ್‌ಗೆ ಮರಳಿಸುತ್ತಾರೆ. 1977ರಲ್ಲಿ ಮಿನೆಸೋಟದಲ್ಲೇ ಆರಂಭವಾದದ್ದು. ನಮ್ಮ ದೇಶದಲ್ಲಿ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲೂ ಮಾಡಿದ್ದಾರೆ. ಇವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಬೇಡ. ಮೊದಲ ಗಂಟೆಗಳ ಹೆಪ್ಪು ಮತ್ತು ಉರಿಯೂತದ ನಷ್ಟ ಮಾತ್ರ ಇವರಿಗೂ ತಪ್ಪದು. ಆದರೂ ಕಡಿಮೆ ಐಲೆಟ್‌ನಿಂದ ಹೆಚ್ಚು ಕಾಲ ಫಲ ಸಿಗುತ್ತದೆ. ಎರಡನೇ, ಮೂರನೇ ದಾಳಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕನ್ನಡಿ. ಟೈಪ್ 1 ಮಧುಮೇಹಿಗಳಿಗೆ ಈ ದಾರಿ ಇಲ್ಲ, ಮರಳಿಸಲು ಅವರಲ್ಲಿ ಬೀಟಾ ಕೋಶ ಉಳಿದಿರುವುದಿಲ್ಲ.

ಬಿ ಕೋಶಗಳ, ಪ್ರತಿಕಾಯಗಳ ಪಾತ್ರವೇನು?

ಟೈಪ್ 1 ಗುರುತಿಸಲು ಬಳಸುವ ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್-8 ಪ್ರತಿಕಾಯಗಳು ಬಿ ಕೋಶ ಎಂಬ ಬಿಳಿ ರಕ್ತಕಣಗಳಿಂದ ಬಂದವು. ಅವು ತಾವೇ ಬೀಟಾ ಕೋಶ ಕೊಲ್ಲುವುದಕ್ಕಿಂತ ಹೆಚ್ಚಾಗಿ ಟಿ ಕೋಶಗಳ ಚಟುವಟಿಕೆಯ ಹೊಗೆ ಇದ್ದಂತೆ. ಕಸಿಯ ನಂತರ ಇವು ದಿಢೀರ್ ಏರಿದರೆ ಹಳೆಯ ಕಾಯಿಲೆ ಮತ್ತೆ ಎದ್ದಿದೆ ಎಂಬ ಅನುಮಾನ ಬರಬೇಕು.

ಹೆಚ್ಚು ಕಾಟ ಕೊಡುವುದು ದಾನಿಯ ಎಚ್‌ಎಲ್‌ಎ ವಿರುದ್ಧ ಹುಟ್ಟುವ ಪ್ರತಿಕಾಯ. ಎರಡು-ಮೂರು ದಾನಿಗಳ ಐಲೆಟ್ ಪಡೆದವರ ಕಸಿ ಸೋತು ಔಷಧಿ ನಿಲ್ಲಿಸಿದಾಗ ಇವು ಜೋರಾಗಿ ಏರುತ್ತವೆ. ಮುಂದೆ ಅವರಿಗೆ ಕಿಡ್ನಿ ಬೇಕಾದರೆ ಹೊಂದುವ ದಾನಿ ಸಿಗುವುದೇ ಕಷ್ಟ. ಮಧುಮೇಹಿಗಳಲ್ಲಿ ಕಿಡ್ನಿ ತೊಂದರೆ ಸಾಮಾನ್ಯ ಆದ್ದರಿಂದ, ಕಸಿಗೆ ಒಪ್ಪುವ ಮುಂಚೆಯೇ ಈ ಮಾತು ವೈದ್ಯರ ಬಳಿ ಆಡಿಕೊಳ್ಳಬೇಕು.

ಯಾವ ಯಾವ ಔಷಧಿ ಕೊಡುತ್ತಾರೆ? ಸ್ಟೀರಾಯ್ಡ್ ಏಕೆ ಬೇಡ?

2000ದವರೆಗೆ ಕಸಿ ಮಾಡಿಸಿಕೊಂಡವರಲ್ಲಿ ಇನ್ಸುಲಿನ್ ಬಿಟ್ಟವರು ಬೆರಳೆಣಿಕೆಯಷ್ಟು. ಆ ವರ್ಷ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ತಂಡ 7 ಮಂದಿಗೆ ಕಸಿ ಮಾಡಿ ಏಳೂ ಮಂದಿಯ ಇನ್ಸುಲಿನ್ ನಿಲ್ಲಿಸಿತು. ಎರಡು ಬದಲಾವಣೆ ಮುಖ್ಯ: ಒಂದಕ್ಕಿಂತ ಹೆಚ್ಚು ದಾನಿಗಳಿಂದ ಸಾಕಷ್ಟು ಐಲೆಟ್, ಮತ್ತು ಸ್ಟೀರಾಯ್ಡ್ ಪೂರ್ತಿ ಕೈಬಿಟ್ಟದ್ದು. ಸ್ಟೀರಾಯ್ಡ್ ಇನ್ಸುಲಿನ್ನಿನ ಪರಿಣಾಮವನ್ನೇ ಕುಗ್ಗಿಸುತ್ತದೆ, ಆಗತಾನೆ ನೆಲೆ ಹುಡುಕುತ್ತಿರುವ ಐಲೆಟ್‌ಗೆ ದುಪ್ಪಟ್ಟು ಕೆಲಸ ಹೊರಿಸಿದಂತಾಗುತ್ತದೆ.

ಈಗಿನ ಪಟ್ಟಿ ಸ್ಥೂಲವಾಗಿ ಎರಡು ಭಾಗ. ಆರಂಭಕ್ಕೆ ಟಿ ಕೋಶಗಳನ್ನೇ ಇಳಿಸುವ ಆ್ಯಂಟಿಥೈಮೊಸೈಟ್ ಗ್ಲಾಬ್ಯುಲಿನ್ (ಒಟ್ಟು ಕಿಲೋಗೆ 6 ಮಿ.ಗ್ರಾಂ, ಕೆಲವು ದಿನಗಳಲ್ಲಿ ಹಂಚಿ), ಎರಡನೇ ಕಸಿಗೆ ಸಾಮಾನ್ಯವಾಗಿ ಅದರ ಬದಲು ಬಾಸಿಲಿಕ್ಸಿಮ್ಯಾಬ್, 20 ಮಿ.ಗ್ರಾಂನ ಎರಡು ಡೋಸ್. ದಿನನಿತ್ಯಕ್ಕೆ ಟ್ಯಾಕ್ರೊಲಿಮಸ್ ಜತೆ ಸಿರೊಲಿಮಸ್ ಅಥವಾ ಮೈಕೊಫಿನೊಲೇಟ್. ಟ್ಯಾಕ್ರೊಲಿಮಸ್ ಟಿ ಕೋಶದ ಎಚ್ಚರಿಕೆ ಗಂಟೆಯನ್ನು ಮುಚ್ಚುತ್ತದೆ ನಿಜ, ಆದರೆ ಬೀಟಾ ಕೋಶಕ್ಕೂ ಕಿಡ್ನಿಗೂ ವಿಷಕಾರಿ. ಕಾಪಾಡಬೇಕಾದದ್ದನ್ನೇ ನಿಧಾನವಾಗಿ ಕೊರೆಯುವ ಔಷಧಿ. ಸಿರೊಲಿಮಸ್‌ನಿಂದ ಬಾಯಿಹುಣ್ಣು, ಮೈಕೊಫಿನೊಲೇಟ್‌ನಿಂದ ಭೇದಿ ತೀರಾ ಮಾಮೂಲು. ಟ್ಯಾಕ್ರೊಲಿಮಸ್ ಬಿಟ್ಟು ಬೆಲಟಸೆಪ್ಟ್‌ನಂತಹ, ಟಿ ಕೋಶಕ್ಕೆ ಬೇಕಾದ ಎರಡನೇ ಸಂಕೇತವನ್ನು ಮಾತ್ರ ತಡೆಯುವ ಔಷಧಿಗಳತ್ತ ಈಗ ಒಲವಿದೆ. ನಮಗೂ ಅದೇ ಸರಿಯಾದ ದಿಕ್ಕೆನಿಸುತ್ತದೆ.

ರಿಜೆಕ್ಷನ್ ಆಗುತ್ತಿದೆ ಎಂದು ಗೊತ್ತಾಗುವುದು ಹೇಗೆ?

ಗೊತ್ತಾಗುವಾಗ ಬಹುತೇಕ ತಡವಾಗಿರುತ್ತದೆ. ಕಿಡ್ನಿ ಕಸಿಯಲ್ಲಿ ಕ್ರಿಯಾಟಿನಿನ್ ರಕ್ತಪರೀಕ್ಷೆ ಇದೆ, ಬಯಾಪ್ಸಿ ಇದೆ. ಲಿವರ್‌ನಲ್ಲಿ ಚದುರಿಹೋದ ಐಲೆಟ್‌ಗಳಿಗೆ ಸೂಜಿ ಹಾಕಿದರೆ ಸಿಗುವುದು ಬರೀ ಲಿವರ್. ಉಳಿದ ದಾರಿ ಸಿ-ಪೆಪ್ಟೈಡ್. ದೇಹ ತಾನೇ ತಯಾರಿಸಿದ ಇನ್ಸುಲಿನ್ ಜತೆಗೇ ಹುಟ್ಟುವ ತುಣುಕು ಅದು, ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ಉಪವಾಸದಲ್ಲಿ ಮತ್ತು ನಿಗದಿತ ಆಹಾರದ 90 ನಿಮಿಷದ ಬಳಿಕ ಅಳೆಯುತ್ತಾರೆ. ನಿರಂತರ ಗ್ಲೂಕೋಸ್ ಸೆನ್ಸರ್‌ನಲ್ಲಿ ಊಟದ ನಂತರದ ಏರಿಕೆ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ಅದೇ ಮೊದಲ ಸುಳಿವು. ಬೆಳಗಿನ ಉಪವಾಸದ ಶುಗರ್ ಏರುವ ಹೊತ್ತಿಗೆ ದಾಸ್ತಾನು ಕರಗಿರುತ್ತದೆ.

ಕಸಿ ಎಷ್ಟು ವರ್ಷ ಬಾಳುತ್ತದೆ?

ಎಡ್ಮಂಟನ್‌ನ ಅದೇ 20 ವರ್ಷದ ದಾಖಲೆಯಲ್ಲಿ ಇನ್ಸುಲಿನ್ ಇಲ್ಲದೆ ಇದ್ದವರು ಮೊದಲ ವರ್ಷದ ಕೊನೆಗೆ ಶೇ 61, ಐದು ವರ್ಷಕ್ಕೆ ಶೇ 32, ಹತ್ತು ವರ್ಷಕ್ಕೆ ಶೇ 20. ಇಷ್ಟಕ್ಕೇ ಕೈಚೆಲ್ಲಬೇಕಿಲ್ಲ. ಸ್ವಲ್ಪ ಇನ್ಸುಲಿನ್ ಬೇಕಾದರೂ, ಉಳಿದ ಐಲೆಟ್‌ಗಳು ಪ್ರಜ್ಞೆ ತಪ್ಪಿಸುವ ಲೋ ಶುಗರ್ ಅನ್ನು ತಡೆಯುತ್ತವೆ. ಉತ್ತರ ಅಮೆರಿಕದ ಬಹುಕೇಂದ್ರ ಪ್ರಯೋಗದಲ್ಲಿ (2016) 48 ಮಂದಿಯ ಪೈಕಿ ಶೇ 87.5ರಷ್ಟು ಜನ ಒಂದು ವರ್ಷದ ಹೊತ್ತಿಗೆ ತೀವ್ರ ಲೋ ಶುಗರ್ ಇಲ್ಲದೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್‌ನ ಅಳತೆ) 7ಕ್ಕಿಂತ ಕೆಳಗಿಟ್ಟುಕೊಂಡಿದ್ದರು. ಯಶಸ್ಸನ್ನು ಅಳೆಯಬೇಕಾದದ್ದು ಇದರಲ್ಲಿ.

ಯಾರಿಗೆ ಮಾಡುತ್ತಾರೆ?

ಲೋ ಶುಗರ್ ಆದಾಗ ನಡುಕ, ಬೆವರು ಯಾವುದೂ ತಿಳಿಯದೆ ನೇರ ಬೀಳುವ, ಪಂಪ್-ಸೆನ್ಸರ್ ಬಳಸಿದರೂ ತಪ್ಪದ ವಯಸ್ಕ ಟೈಪ್ 1 ರೋಗಿಗಳಿಗೆ. ಅಥವಾ ಕಿಡ್ನಿ ಕಸಿಯಾಗಿ ಈಗಾಗಲೇ ಮಾತ್ರೆ ನುಂಗುತ್ತಿರುವವರಿಗೆ, ಅವರಿಗೆ ಹೆಚ್ಚುವರಿ ಅಪಾಯ ಕಡಿಮೆ. ಟೈಪ್ 2ಕ್ಕೆ ಅಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಅಲ್ಲ: ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವುದಕ್ಕಿಂತ ಇನ್ಸುಲಿನ್ನೇ ಸುರಕ್ಷಿತ.

ಕಸಿಯನ್ನು ಸಹಿಸಿಕೊಳ್ಳಲು ದೇಹವನ್ನೇ ಒಪ್ಪಿಸುವ ಕೋಶಗಳಿವೆಯಂತೆ, ಅವೇನು?

ರೆಗ್ಯುಲೇಟರಿ ಟಿ ಕೋಶ, ಚಿಕ್ಕದಾಗಿ ಟ್ರೆಗ್. ಸಿಡಿ4, ಸಿಡಿ25 ಹೊತ್ತ, ಫಾಕ್ಸ್‌ಪಿ3 ಜೀನ್ ಚಾಲೂ ಇರುವ ಈ ಕೋಶಗಳ ಕೆಲಸ ಉಳಿದ ಟಿ ಕೋಶಗಳನ್ನು ಸುಮ್ಮನಿರಿಸುವುದು. ಇವನ್ನು ಕಂಡುಹಿಡಿದದ್ದಕ್ಕೆ ಶಿಮೊನ್ ಸಕಾಗುಚಿ, ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ರೋಗಿಯ ರಕ್ತದಿಂದಲೇ ಇವನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿಸುವ ಪ್ರಯೋಗಗಳು ನಡೆದಿವೆ, ಸುರಕ್ಷಿತ ಎಂದೂ ಕಂಡಿದೆ. ತೊಡಕು ಬೇರೆ: ಟ್ರೆಗ್ ಬದುಕಲು ಇಂಟರ್‌ಲ್ಯೂಕಿನ್-2 ಬೇಕು, ಟ್ಯಾಕ್ರೊಲಿಮಸ್ ಅದರ ಉತ್ಪಾದನೆಯನ್ನೇ ಕಟ್ಟಿಹಾಕುತ್ತದೆ. ಸಿರೊಲಿಮಸ್ ಟ್ರೆಗ್‌ಗಳಿಗೆ ಅಷ್ಟು ಹಗೆಯಲ್ಲ.

ಐಲೆಟ್ ಅನ್ನು ಕ್ಯಾಪ್ಸೂಲ್‌ನಲ್ಲಿ ಮುಚ್ಚಿಟ್ಟರೆ ಟಿ ಕೋಶ ಮುಟ್ಟಲಾಗದಲ್ಲವೇ?

1980ರಿಂದ ಆಲ್ಜಿನೇಟ್ ಗುಳಿಗೆಗಳಲ್ಲಿ ಇದೇ ಪ್ರಯತ್ನ. ಟಿ ಕೋಶ ಮುಟ್ಟುವುದಿಲ್ಲ ನಿಜ. ಆದರೆ ಕ್ಯಾಪ್ಸೂಲನ್ನೇ ಪರಕೀಯ ವಸ್ತು ಎಂದು ತಿಳಿದು ಮ್ಯಾಕ್ರೊಫೇಜ್‌ಗಳು ಸುತ್ತುವರಿದು ನಾರಿನ ಗೋಡೆ ಕಟ್ಟುತ್ತವೆ. ಆಮ್ಲಜನಕ ಅಂಗಾಂಶದಲ್ಲಿ ಸಾಗುವುದೇ 150–200 ಮೈಕ್ರಾನ್. ಗೋಡೆ ದಪ್ಪವಾದಂತೆ ಒಳಗಿನ ಐಲೆಟ್ ಉಸಿರುಕಟ್ಟಿ ಸಾಯುತ್ತದೆ. ವರ್ಟೆಕ್ಸ್ ಕಂಪನಿ ಇಂತಹ ಸಾಧನದ ಪ್ರಯೋಗವನ್ನು, ಸಿ-ಪೆಪ್ಟೈಡ್ ಸಾಲದೆಂದು, 2025ರಲ್ಲಿ ನಿಲ್ಲಿಸಿತು.

ಸ್ಟೆಮ್ ಸೆಲ್ ಐಲೆಟ್ ಬಂದರೆ ಈ ತಲೆನೋವೆಲ್ಲ ಮುಗಿಯಿತಲ್ಲ?

ಸ್ಟೆಮ್ ಸೆಲ್‌ಗಳಿಂದ (ಬೇರೆ ಬೇರೆ ಕೋಶಗಳಾಗಬಲ್ಲ ಮೂಲಕೋಶಗಳಿಂದ) ಐಲೆಟ್ ಬೆಳೆಸಿದರೆ ದಾನಿಗಳ ಕೊರತೆ ಮುಗಿಯಬಹುದು, ಟಿ ಕೋಶದ ತಲೆನೋವು ಮುಗಿಯದು. ಅದೇ ವರ್ಟೆಕ್ಸ್‌ನ ಜಿಮಿಸ್ಲೆಸೆಲ್ ಎಂಬ ಸ್ಟೆಮ್ ಸೆಲ್ ಐಲೆಟ್ ಪಡೆದ, ಪೂರ್ಣ ಡೋಸ್‌ನ 12 ಮಂದಿಯಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು ಎಂದು 2025ರ ಜೂನ್‌ನಲ್ಲಿ ಪ್ರಕಟವಾಯಿತು. ಎಲ್ಲರೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯ ಮೇಲೇ ಇದ್ದವರು. ಅದೇ ಅಧ್ಯಯನದಲ್ಲಿ ಒಬ್ಬರು ಕ್ರಿಪ್ಟೊಕಾಕಲ್ ಮೆನಿಂಜೈಟಿಸ್ ಸೋಂಕಿನಿಂದ ತೀರಿಕೊಂಡರು. 2024ರಲ್ಲಿ ಸುದ್ದಿಯಾದ ಚೀನಾದ ಟಿಯಾಂಜಿನ್‌ನ ಯುವತಿಯ ಪ್ರಕರಣದಲ್ಲಿ ಐಲೆಟ್‌ಗಳು ಆಕೆಯದೇ ಕೋಶಗಳಿಂದ ತಯಾರಾಗಿದ್ದವು. ಆದರೆ ಲಿವರ್ ಕಸಿಯಾಗಿದ್ದ ಕಾರಣ ಆಕೆ ಮೊದಲೇ ಔಷಧಿ ಸೇವಿಸುತ್ತಿದ್ದಳು. ಹಾಗಾಗಿ ಮೂರನೇ ದಾಳಿಯ ಪರೀಕ್ಷೆ ಅಲ್ಲಿ ನಡೆದೇ ಇಲ್ಲ.

ನಿಜಕ್ಕೂ ಕುತೂಹಲ ಹುಟ್ಟಿಸುವುದು ಉಪ್ಸಾಲಾದಲ್ಲಿ ಮಾಡಿದ, 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಒಂದು ಕಸಿ. ದಾನಿಯ ಐಲೆಟ್ ಕೋಶಗಳ ಜೀನ್ ತಿದ್ದಿ ಎಚ್‌ಎಲ್‌ಎ ಗುರುತುಗಳನ್ನೇ ಅಳಿಸಿದರು, ಸಿಡಿ8 ಮತ್ತು ಸಿಡಿ4 ಕೋಶಗಳಿಗೆ ನೋಡಲು ಏನೂ ಉಳಿಯಲಿಲ್ಲ. ಆದರೆ ಗುರುತೇ ಇಲ್ಲದ ಕೋಶವನ್ನು ಕೊಲ್ಲಲೆಂದೇ ನ್ಯಾಚುರಲ್ ಕಿಲ್ಲರ್ ಕೋಶಗಳಿವೆ. ಅವನ್ನೂ ಮ್ಯಾಕ್ರೊಫೇಜ್‌ಗಳನ್ನೂ ತಡೆಯಲು 'ನನ್ನನ್ನು ತಿನ್ನಬೇಡ' ಎಂಬ ಸಂಕೇತ ಕೊಡುವ ಸಿಡಿ47 ಪ್ರೋಟೀನನ್ನು ಹೆಚ್ಚಿಸಿದರು. ಮುಂಗೈ ಸ್ನಾಯುವಿಗೆ ಸುಮಾರು 8 ಕೋಟಿ ಕೋಶ ಚುಚ್ಚಿ, ಒಂದು ಮಾತ್ರೆಯನ್ನೂ ಕೊಡದೆ ಬಿಟ್ಟರು. 12 ವಾರದ ಬಳಿಕವೂ ಸಿ-ಪೆಪ್ಟೈಡ್ ಇತ್ತು. ತಿದ್ದುಪಡಿ ಅರೆಬರೆಯಾದ ಕೋಶಗಳ ವಿರುದ್ಧ ಮಾತ್ರ ರೋಗಿಯ ರೋಗನಿರೋಧಕ ವ್ಯವಸ್ಥೆ ಎದ್ದು ನಿಂತಿತ್ತು. ಡೋಸ್ ಚಿಕ್ಕದಾದ್ದರಿಂದ ಇನ್ಸುಲಿನ್ ನಿಂತಿಲ್ಲ. ಒಬ್ಬನೇ ರೋಗಿ, ಮೂರೇ ತಿಂಗಳು ಎಂಬುದನ್ನು ಮರೆಯದೆ ಓದಬೇಕಾದ ಫಲಿತಾಂಶ.

ಭಾರತದಲ್ಲಿ, ಕರ್ನಾಟಕದಲ್ಲಿ ಸಿಗುತ್ತದೆಯೇ?

ದಾನಿಯ ಐಲೆಟ್ ಕಸಿ ನಮ್ಮಲ್ಲಿ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಬ್ರಿಟನ್‌ನಲ್ಲಿ 2008ರಿಂದ ಸರ್ಕಾರಿ ಖರ್ಚಿನಲ್ಲಿ ಮಾಡುತ್ತಾರೆ; ಅಮೆರಿಕ 2023ರ ಜೂನ್‌ನಲ್ಲಿ ಲ್ಯಾಂಟಿಡ್ರಾ ಎಂಬ ಹೆಸರಿನಲ್ಲಿ ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲಿ ಮರಣೋತ್ತರ ಅಂಗದಾನದ ಹಂಚಿಕೆ 'ಜೀವಸಾರ್ಥಕತೆ' ಸಂಸ್ಥೆಯ ಮೂಲಕ ನಡೆಯುತ್ತದೆ, ಹಾಗಾಗಿ ಕಾನೂನಿನ ಚೌಕಟ್ಟು ಇದೆ. ಇಲ್ಲದಿರುವುದು ಐಲೆಟ್ ಬಿಡಿಸುವ ಶುದ್ಧಕೊಠಡಿ ಮತ್ತು ಪಳಗಿದ ಕೈಗಳು. "ಸ್ಟೆಮ್ ಸೆಲ್ ಚುಚ್ಚಿ ಶುಗರ್ ವಾಸಿ ಮಾಡುತ್ತೇವೆ" ಎಂದು ಹಣ ಕೇಳುವ ಕಡೆ ಹೋಗಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಮಧುಮೇಹಕ್ಕೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ಸೇರಿದವರಿಂದ ಚಿಕಿತ್ಸೆಗೆ ಶುಲ್ಕ ಕೇಳುವಂತಿಲ್ಲ.

ಹೊರದೇಶದಲ್ಲಿ ಕಸಿಯಾಗಿ ಊರಿಗೆ ಬಂದವರು ಏನೇನು ಎಚ್ಚರ ವಹಿಸಬೇಕು?

ಮೊದಲನೆಯದು ಕ್ಷಯ. ನಮ್ಮಲ್ಲಿ ಎಷ್ಟೋ ಜನರ ದೇಹದಲ್ಲಿ ಟಿಬಿ ಸುಪ್ತವಾಗಿರುತ್ತದೆ, ಅದನ್ನು ಅದುಮಿಟ್ಟಿರುವುದು ಇದೇ ಟಿ ಕೋಶ ಮತ್ತು ಮ್ಯಾಕ್ರೊಫೇಜ್‌ಗಳು. ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟರೆ ಆ ಬೀಗವೇ ಸಡಿಲ. ಕಸಿಗೆ ಮುಂಚೆಯೇ ಪರೀಕ್ಷಿಸಿ ಚಿಕಿತ್ಸೆ ಮುಗಿಸಬೇಕು. ನಂತರ ಟಿಬಿ ಬಂದು ರಿಫಾಂಪಿಸಿನ್ ಕೊಟ್ಟರೆ ಅದು ರಕ್ತದ ಟ್ಯಾಕ್ರೊಲಿಮಸ್ ಮಟ್ಟವನ್ನು ಪಾತಾಳಕ್ಕೆ ಇಳಿಸುತ್ತದೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ವೊರಿಕೊನಜೋಲ್ ಮಾಡುವುದು ತದ್ವಿರುದ್ಧ, ಮಟ್ಟ ಏರಿ ಕೈ ನಡುಗುತ್ತದೆ, ಕಿಡ್ನಿ ಸೊರಗುತ್ತದೆ. ಊರಿನ ಡಾಕ್ಟರು ಹೊಸ ಮಾತ್ರೆ ಬರೆದಾಗಲೆಲ್ಲ ಕಸಿ ಕೇಂದ್ರಕ್ಕೆ ತಿಳಿಸಿ.

ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಬೇಡ, ಇವೂ ಟ್ಯಾಕ್ರೊಲಿಮಸ್ ಏರಿಸುತ್ತವೆ. ಅಮೃತಬಳ್ಳಿ ಕಷಾಯ, 'ಇಮ್ಯುನಿಟಿ ಬೂಸ್ಟರ್' ಪುಡಿಗಳು ಬೇಡವೇ ಬೇಡ. ನೀವು ದುಡ್ಡು ಕೊಟ್ಟು ತಗ್ಗಿಸುತ್ತಿರುವುದನ್ನೇ ಎತ್ತಿ ಹಿಡಿಯುತ್ತೇವೆ ಎನ್ನುವ ವಸ್ತುಗಳವು, ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಜೀವಂತ ಲಸಿಕೆಗಳನ್ನು ಹಾಕಿಸಿಕೊಳ್ಳಬಾರದು. ಫ್ಲೂ, ನ್ಯುಮೋನಿಯಾದ ನಿಷ್ಕ್ರಿಯ ಲಸಿಕೆಗಳನ್ನು ತಪ್ಪಿಸಬಾರದು.

ಟ್ಯಾಕ್ರೊಲಿಮಸ್ ಪರೀಕ್ಷೆಗೆ ಹೋಗುವ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ಹಿಂದಿನ ರಾತ್ರಿ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂಬುದನ್ನು ಚೀಟಿಯಲ್ಲಿ ಬರೆಸಿ. ಅಭ್ಯಾಸಬಲದಿಂದ ಮಾತ್ರೆ ನುಂಗಿ ಲ್ಯಾಬ್‌ಗೆ ಹೋದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ, ಡಾಕ್ಟರು ಡೋಸ್ ಇಳಿಸುತ್ತಾರೆ. ಟಿ ಕೋಶಕ್ಕೆ ಅಷ್ಟು ಸಂದು ಸಾಕು.